ನಂಜನಗೂಡಿನ ವಕೀಲರ ಮಗಳು, ರಾಜ್ಯದ ಮೊದಲ ಮಹಿಳಾ ಎಂಜಿನಿಯರ್

ತೆರಕಣಾಂಬಿ: ಇಲ್ಲಿಂದ ಮೈಸೂರು ಬಸ್ ಹತ್ತಿದವರು ನಂಜನಗೂಡು ದಾಟಿಯೇ ಹೋಗೋದು. ಆ ಊರಿನ ವಕೀಲರೊಬ್ಬರ ಮಗಳು ರಾಜೇಶ್ವರಿ ಚಟರ್ಜಿ (1922–2010) ರಾಜ್ಯದ ಮೊದಲ ಮಹಿಳಾ ಎಂಜಿನಿಯರ್.

ಗಣಿತದಲ್ಲಿ ಎಂಎಸ್ಸಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಹೋದಾಗ, ಭೌತಶಾಸ್ತ್ರದ ಪದವಿ ಇಲ್ಲ ಅಂತ ಸರ್ ಸಿ.ವಿ. ರಾಮನ್ ತಮ್ಮ ಕೈಕೆಳಗೆ ಸೇರಿಸಿಕೊಳ್ಳಲಿಲ್ಲ. ಕಾರಣ ಅಷ್ಟೇನಾ? ಹತ್ತು ವರ್ಷ ಮುಂಚೆ ಕಮಲಾ ಸೊಹೊನಿ ಅವರನ್ನೂ ಅಲ್ಲಿ ತಡೆದಿದ್ದರು. ಅವರ ಹತ್ತಿರ ಪದವಿ ಇತ್ತು, ಹೆಣ್ಣು ಅನ್ನೋದೇ ಅಡ್ಡಿ.

ರಾಜೇಶ್ವರಿ ಸುಮ್ಮನೆ ವಾಪಸ್ ಬರಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದರು. ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ, ಮಿಶಿಗನ್‌ನಲ್ಲಿ ಪಿಎಚ್‌ಡಿ ಮಾಡಿ, 1953ರಲ್ಲಿ ಬಂದು ಅಲ್ಲೇ ಮೇಡಂ ಆದರು. ಪತಿ ಶಿಶಿರ್ ಕುಮಾರ್ ಜೊತೆ ಮೈಕ್ರೋವೇವ್ ಲ್ಯಾಬ್ ಕಟ್ಟಿದರು. 20 ಜನರಿಗೆ ಪಿಎಚ್‌ಡಿ ಮಾಡಿಸಿದರು. 1982ರಲ್ಲಿ ನಿವೃತ್ತರಾದ ಮೇಲೂ ಮನೇಲಿ ಕೂರದೆ, ಭಾರತೀಯ ಮಹಿಳಾ ಅಧ್ಯಯನ ಸಂಘದ ಕೆಲಸಕ್ಕೆ ಇಳಿದರು.