ಕಾರವಾರದ ಪತಂಗದ ಸಾಹೇಬರು

ಎಳ್ಳಿನ ಹೊಲದಲ್ಲಿ ಕಸ ತೆಗೆಯುವವರಿಗೆ ಒಂದು ಹುಳದ ಪರಿಚಯ ಇದ್ದೇ ಇರುತ್ತದೆ. ಬೆರಳಿನಷ್ಟು ದಪ್ಪ, ಹಸಿರು ಮೈ, ಪಕ್ಕೆಯ ಮೇಲೆ ಓರೆ ಪಟ್ಟೆಗಳು, ಬಾಲದ ತುದಿಗೆ ಒಂದು ಕೋಡು. ನಮ್ಮ ಮುಳವಾಡದ ಕಡೆ ಇದನ್ನು ಕಂಡರೆ ಕಿತ್ತೆಸೆದು ಮುಂದಿನ ಸಾಲಿಗೆ ಹೋಗುತ್ತಾರೆ. ಬಿಟ್ಟರೆ ಅದು ಮಣ್ಣಿನೊಳಗೆ ಇಳಿದು ಕೋಶವಾಗುತ್ತದೆ. ಆಮೇಲೆ ಬೆನ್ನ ಮೇಲೆ ತಲೆಬುರುಡೆಯಂಥ ಗುರುತು ಹೊತ್ತ ದೊಡ್ಡ ಪತಂಗವಾಗಿ ಹೊರಬರುತ್ತದೆ. ಹಿಡಿದರೆ ಕಿಚ್ ಕಿಚ್ ಎಂದು ಸದ್ದು ಮಾಡುತ್ತದೆ. ರಾತ್ರಿ ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುತ್ತದೆ. ವಿಜ್ಞಾನಿಗಳು ಇದನ್ನು ಅಕರಾನ್ಷಿಯಾ ಸ್ಟಿಕ್ಸ್ ಎನ್ನುತ್ತಾರೆ.

ಇಂಥ ಪತಂಗಗಳು ಯಾವ ಗಿಡ ತಿನ್ನುತ್ತವೆ, ಮರಿಹುಳ ಹೇಗಿರುತ್ತದೆ, ದೇಶದ ಯಾವ ಭಾಗದಲ್ಲಿ ಸಿಗುತ್ತವೆ ಎಂದು ಜೀವಮಾನವಿಡೀ ಬರೆದಿಟ್ಟ ಒಬ್ಬರು ನಮ್ಮ ರಾಜ್ಯದಲ್ಲೇ ಇದ್ದರು. ಅವರೇ ಕಾರವಾರದ ಟಿ.ಆರ್.ಡಿ. ಬೆಲ್. ಭಾರತದ ಚಿಟ್ಟೆ, ಪತಂಗಗಳ ಬಗ್ಗೆ ಕೆಲಸ ಮಾಡುವವರೆಲ್ಲ ಇವತ್ತಿಗೂ ಈ ಹೆಸರನ್ನು ದಾಟಿಯೇ ಮುಂದೆ ಹೋಗಬೇಕು. ಆದರೆ ನಮ್ಮ ಪಠ್ಯಪುಸ್ತಕದಲ್ಲಾಗಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಾಗಲಿ ನಾನು ಇವರ ಹೆಸರನ್ನು ಓದಿಲ್ಲ.

ಥಾಮಸ್ ರೀಡ್ ಡೇವಿಸ್ ಬೆಲ್ ಹುಟ್ಟಿದ್ದು 1863ರ ಮೇ 2ರಂದು, ಐರ್ಲೆಂಡಿನ ಕಾರ್ಕ್ ಸೀಮೆಯ ಬ್ಯಾಂಡನ್ ಎಂಬ ಊರಲ್ಲಿ. ಮಕ್ಕಳು ಬಹಳ ಇದ್ದ ಮನೆ. 1884ರಲ್ಲಿ ಮುಂಬೈ ಪ್ರಾಂತ್ಯದ ಅರಣ್ಯ ಇಲಾಖೆಗೆ ಸೇರಿ ಧಾರವಾಡಕ್ಕೆ ಬಂದಾಗ ಅವರಿಗೆ 21 ವರ್ಷ, ಅಂದರೆ ನನಗಿಂತ ಒಂದೇ ವರ್ಷ ದೊಡ್ಡವರು. ಆಗ ಧಾರವಾಡ, ಬಿಜಾಪುರ, ಉತ್ತರ ಕನ್ನಡ ಮೂರೂ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಮುಳವಾಡದ ಗೌಡರೂ ಕಾರವಾರದ ಮೀನುಗಾರರೂ ಒಂದೇ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿದ್ದ ಕಾಲ.

ಅರಣ್ಯ ಇಲಾಖೆಯ ನೌಕರಿ ಎಂದರೆ ಹುಳ ನೋಡುತ್ತ ಕಾಡು ಸುತ್ತುವುದಲ್ಲ. ಬ್ರಿಟಿಷರಿಗೆ ಆ ಕಾಡು ಬೇಕಿದ್ದದ್ದು ತೇಗಕ್ಕಾಗಿ, ಮರದ ದಿಮ್ಮಿಗಾಗಿ. ಎಲ್ಲಿ ಕಡಿಯಬೇಕು, ಎಷ್ಟು ಕಡಿಯಬೇಕು, ಯಾವ ಕಾಡಿಗೆ ಜನರನ್ನು ಬಿಡಬಾರದು ಎಂದು ತೀರ್ಮಾನಿಸುವುದು ಈ ಸಾಹೇಬರ ಕೆಲಸ. ಸೊಪ್ಪು, ಸೌದೆಗೆ ಕಾಡನ್ನೇ ನಂಬಿದ್ದ ಮಲೆನಾಡಿನ ಜನರಿಗೆ ಈ ಇಲಾಖೆ ಪ್ರೀತಿಯದೇನೂ ಆಗಿರಲಿಲ್ಲ. ಬೆಲ್ ಅವರನ್ನು ಮೆಚ್ಚುವಾಗ ಇದನ್ನು ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ಹುದ್ದೆಯಲ್ಲಿ ನೂರಾರು ಅಧಿಕಾರಿಗಳು ಬಂದು, ಹುಲಿ ಹೊಡೆದು, ಪಿಂಚಣಿ ತೆಗೆದುಕೊಂಡು ಹಡಗು ಹತ್ತಿದರು. ಬೆಲ್ ಅವರ ಕೆಲಸ ಮಾತ್ರ ನೂರು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತಿದೆ.

ಇದಕ್ಕೆ ಒಂದು ಕಾರಣ ಗೆಳೆಯರು. ಉತ್ತರ ಕನ್ನಡದಲ್ಲಿ ಅವರಿಗೆ ಇಬ್ಬರು ಸಿಕ್ಕರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್. ಇನ್ನೊಬ್ಬರು ಸುಂಕ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಏಟ್ಕನ್ ಹುಟ್ಟಿದ್ದು ನಮ್ಮಿಂದ ದೂರವೇನಲ್ಲದ ಸಾತಾರದಲ್ಲಿ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಜನರಲ್ಲಿ ಅವರೂ ಒಬ್ಬರು. ಇಎಚ್ಎ ಎಂಬ ಮೂರು ಅಕ್ಷರದ ಹೆಸರಿನಲ್ಲಿ ನಗೆ ಉಕ್ಕಿಸುವ ಪುಸ್ತಕಗಳನ್ನು ಬರೆದು ಆ ಕಾಲದಲ್ಲಿ ದೊಡ್ಡ ಹೆಸರು ಮಾಡಿದ್ದರು. ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ತನಿಖೆಗೆ ಹೋದಾಗ ಅವರಿಗೆ ಸಿಕ್ಕ ಹೊಸ ಸೊಳ್ಳೆಯೊಂದಕ್ಕೆ ಅವರದೇ ಹೆಸರು ಇಡಲಾಯಿತು. ಸೊಳ್ಳೆಗೆ ಹೆಸರಾಗುವುದು ಗೌರವವೋ ಅಲ್ಲವೋ, ನೀವೇ ಹೇಳಬೇಕು.

ಒಬ್ಬರು ಕಂದಾಯ, ಒಬ್ಬರು ಉಪ್ಪು, ಒಬ್ಬರು ಕಾಡು. ಮೂವರಲ್ಲಿ ಒಬ್ಬರೂ ಸಂಬಳ ತೆಗೆದುಕೊಳ್ಳುವ ಜೀವವಿಜ್ಞಾನಿಯಲ್ಲ. ಮೂವರಿಗೂ ತಿಂಗಳಲ್ಲಿ ಹೆಚ್ಚಿನ ದಿನ ಕುದುರೆಯ ಮೇಲೆ, ಡೇರೆಯೊಳಗೆ ಕಳೆಯುವ ಕೆಲಸ. ಕಾರವಾರದ ಕಡಲ ದಂಡೆಯಿಂದ ಕಾಳಿ ನದಿಯ ಕಣಿವೆ, ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳದವರೆಗೂ ತಿರುಗಾಟ. ಸರ್ಕಾರಿ ಪ್ರವಾಸವನ್ನೇ ಅವರು ಹುಳದ ಪ್ರವಾಸ ಮಾಡಿಕೊಂಡರು.

ಆಗ ಚಿಟ್ಟೆ, ಪತಂಗ ಸಂಗ್ರಹಿಸುವುದು ಎಂದರೆ ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡುವುದು. ಈ ಮೂವರು ಹಿಡಿದದ್ದು ಬೇರೆ ದಾರಿ. ಗಿಡದ ಎಲೆ ಮಗುಚಿ ಮೊಟ್ಟೆ ಹುಡುಕಿದರು. ಮೊಟ್ಟೆ ಒಡೆದು ಬಂದ ಮರಿಹುಳಕ್ಕೆ ಅದೇ ಗಿಡದ ತಾಜಾ ಎಲೆ ಹಾಕಿ ಸಾಕಿದರು. ಅದು ಎಷ್ಟು ಸಲ ಚರ್ಮ ಕಳಚುತ್ತದೆ, ಪ್ರತಿ ಸಲ ಬಣ್ಣ ಹೇಗೆ ಬದಲಾಗುತ್ತದೆ, ಕೋಶ ಎಲೆಗೆ ನೇತಾಡುತ್ತದೆಯೋ ಮಣ್ಣಿಗೆ ಇಳಿಯುತ್ತದೆಯೋ ಎಂದು ದಿನವೂ ಬರೆದರು. ನಮ್ಮ ರೇಷ್ಮೆ ಬೆಳೆಗಾರರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ, ಏಕೆಂದರೆ ರೇಷ್ಮೆ ಹುಳವೂ ಪತಂಗವೇ. ಆದರೆ ರೇಷ್ಮೆಗೆ ಒಂದೇ ಹಿಪ್ಪುನೇರಳೆ ಸಾಕು. ಬೆಲ್ ಅವರ ಮನೆಯಲ್ಲಿ ಹತ್ತಾರು ಜಾತಿಯ ಹುಳ, ಒಂದೊಂದಕ್ಕೂ ಒಂದೊಂದು ಗಿಡ. ಎಲೆ ತಪ್ಪಿದರೆ ಹುಳ ಉಪವಾಸ ಸಾಯುತ್ತದೆ. ಹಾಗಾಗಿ ಹುಳ ಕಲಿಯಬೇಕಾದರೆ ಮೊದಲು ಗಿಡ ಕಲಿಯಬೇಕು. ಬೆಲ್ ಸಸ್ಯಶಾಸ್ತ್ರವನ್ನೂ ಕಲಿತರು, ಮುಂದೆ ಎಲ್.ಜೆ. ಸೆಡ್ಜ್‌ವಿಕ್ ಎಂಬ ಐಸಿಎಸ್ ಅಧಿಕಾರಿಯ ಜೊತೆ ಸೇರಿ ಉತ್ತರ ಕನ್ನಡದ ಸಸ್ಯಗಳನ್ನು ಸಂಗ್ರಹಿಸಿದರು.

ಸಾಕುವುದರ ಲಾಭ ಏನು ಎಂದು ಕೇಳಬಹುದು. ಒಂದೇ ಜಾತಿಯ ಗಂಡು ಒಂದು ಬಣ್ಣ, ಹೆಣ್ಣು ಇನ್ನೊಂದು ಬಣ್ಣ ಇರುತ್ತದೆ. ಮಳೆಗಾಲದಲ್ಲಿ ಒಂದು ರೂಪ, ಬೇಸಿಗೆಯಲ್ಲಿ ಮತ್ತೊಂದು. ಪೆಟ್ಟಿಗೆಯಲ್ಲಿ ಸತ್ತ ಹುಳ ನೋಡಿ ಇವನ್ನು ಎರಡು ಮೂರು ಜಾತಿ ಎಂದು ಎಣಿಸಿದವರಿದ್ದಾರೆ. ಒಂದೇ ತಾಯಿಯ ಮೊಟ್ಟೆಯಿಂದ ಎರಡೂ ಹೊರಬಂದರೆ ವಾದ ಮುಗಿಯಿತು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಬರೀ ಔಟ್‌ಪುಟ್ ನೋಡಿ ಊಹೆ ಮಾಡುವುದನ್ನು ಬಿಟ್ಟು ಇಡೀ ಪ್ರಕ್ರಿಯೆಯನ್ನೇ ನೋಡಿದರು.

ಮೂವರ ಹೆಸರಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಲೇಖನಮಾಲೆ 1896ರಿಂದ ಸೊಸೈಟಿಯ ನಿಯತಕಾಲಿಕದಲ್ಲಿ ಬಂತು. ಒಂದು ಜಿಲ್ಲೆಯ ಚಿಟ್ಟೆಗಳ ಜೀವನಚಕ್ರದ ಬಗ್ಗೆ ಇಷ್ಟು ವಿವರ ದೇಶದಲ್ಲಿ ಬೇರೆಲ್ಲೂ ಇರಲಿಲ್ಲ. ಆದರೆ ತಂಡ ಉಳಿಯಲಿಲ್ಲ. ಡೇವಿಡ್ಸನ್ ನೌಕರಿ ಮುಗಿಸಿ ಊರಿಗೆ ಮರಳಿದರು. ಏಟ್ಕನ್ ವರ್ಗವಾಗಿ ಹೋದರು, 1909ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಬೆಲ್ ಒಬ್ಬರೇ ಉಳಿದರು. ಅದೇ 1909ರ ಹೊತ್ತಿಗೆ ಭಾರತದ ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಒಬ್ಬರೇ ಬರೆಯಲು ಕುಳಿತರು. ಆ ಮಾಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಂತು ಕಂತಾಗಿ ನಡೆಯಿತು.

ಪತಂಗದ ಕಥೆ ಇದಕ್ಕಿಂತ ಕಷ್ಟದ್ದು. ಭಾರತದಲ್ಲಿ ಚಿಟ್ಟೆಗಳು ಸಾವಿರದ ಮುನ್ನೂರು ಚಿಲ್ಲರೆ ಜಾತಿ. ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು. ಬಹಳಷ್ಟು ಬೂದು, ಕಂದು ಬಣ್ಣದವು, ರಾತ್ರಿ ಮಾತ್ರ ಹಾರುವವು. ಇವನ್ನೆಲ್ಲ ಮೊದಲ ಸಲ ಒಂದು ಕ್ರಮಕ್ಕೆ ತಂದವರು ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್. ಇವರು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದವರು. ಅಲ್ಲಿ ಪತಂಗದ ಹುಚ್ಚು ಹತ್ತಿಸಿಕೊಂಡು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದರು. ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಎಂಬ ಸರಣಿಯಲ್ಲಿ ಪತಂಗಗಳ ಬಗ್ಗೆ ನಾಲ್ಕು ಸಂಪುಟಗಳನ್ನು 1892ರಿಂದ 1896ರೊಳಗೆ ಮುಗಿಸಿದರು. ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಸರ್ಕ್ಯೂಟ್ ಚಿತ್ರದಂತೆ ನೋಡಿ ಕುಟುಂಬ ಬೇರ್ಪಡಿಸುವ ಅವರ ವಿಧಾನ ಅದ್ಭುತವಾದದ್ದು. ಆದರೆ ಅದು ಮ್ಯೂಸಿಯಂ ಕೆಲಸ. ಮರಿಹುಳ ಹೇಗಿದೆ, ಏನು ತಿನ್ನುತ್ತದೆ ಎಂಬುದಕ್ಕೆ ಬಹಳ ಜಾತಿಗಳ ಮುಂದೆ ಉತ್ತರ ಇರಲಿಲ್ಲ. ಆ ಉತ್ತರ ಲಂಡನ್ನಿನಲ್ಲಿ ಸಿಗುವಂಥದ್ದೂ ಅಲ್ಲ.

ಬೆಲ್ 1920ರಲ್ಲಿ ನಿವೃತ್ತರಾದರು. ಇಲಾಖೆಯ ಉನ್ನತ ಹುದ್ದೆಗೆ ಏರಿದ್ದರು, ಸರ್ಕಾರದ ಸಿಐಇ ಬಿರುದೂ ಸಿಕ್ಕಿತ್ತು. ಎಲ್ಲರಂತೆ ಹಡಗು ಹತ್ತಬಹುದಿತ್ತು. ಹತ್ತಲಿಲ್ಲ. ತಂಗಿ ಈವಾ ಜೊತೆ ಕಾರವಾರದಲ್ಲೇ ನೆಲೆಸಿದರು. ಈ ಹಂತದಲ್ಲಿ ಅವರು ಕೈಗೆತ್ತಿಕೊಂಡದ್ದು ಸ್ಫಿಂಜಿಡೇ ಕುಟುಂಬವನ್ನು. ನಾನು ಮೊದಲು ಹೇಳಿದ ಎಳ್ಳಿನ ಹುಳ ಇದೇ ಕುಟುಂಬದ್ದು. ಚೂಪು ರೆಕ್ಕೆ, ಗಿಡುಗನ ವೇಗ, ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ಸೊಂಡಿಲು ಚಾಚಿ ಮಕರಂದ ಹೀರುವ ಪತಂಗಗಳು ಇವು. ಭಾರತದ ಸುತ್ತಮುತ್ತ ಇವು ಸುಮಾರು ಇನ್ನೂರು ಜಾತಿ.

ಜೊತೆಗೆ ಸಿಕ್ಕವರು ಸೈನ್ಯದ ಮೇಜರ್ ಎಫ್.ಬಿ. ಸ್ಕಾಟ್. ಅವರು ಅಸ್ಸಾಮಿನ ಕಡೆ ಹುಳ ಸಾಕುತ್ತಿದ್ದರು, ಇವರು ಕಾರವಾರದಲ್ಲಿ. ದೇಶದ ಎರಡು ತುದಿ, ನಡುವೆ ಅಂಚೆ. 1937ರಲ್ಲಿ ಇಬ್ಬರ ಹೆಸರಲ್ಲಿ ಪತಂಗಗಳ ಐದನೇ ಸಂಪುಟ ಲಂಡನ್ನಿನಲ್ಲಿ ಅಚ್ಚಾಯಿತು. ಹ್ಯಾಂಪ್ಸನ್ನರ ನಾಲ್ಕನೇ ಸಂಪುಟ ಬಂದು 41 ವರ್ಷವಾಗಿತ್ತು, ಬೆಲ್ ಅವರಿಗೆ 74 ತುಂಬಿತ್ತು. ಐನೂರಕ್ಕೂ ಹೆಚ್ಚು ಪುಟ. ಬರೀ ರೆಕ್ಕೆಯ ವರ್ಣನೆಯಲ್ಲ. ಮೊಟ್ಟೆ, ಮರಿಹುಳ, ಕೋಶ, ತಿನ್ನುವ ಗಿಡ, ಸಿಗುವ ಜಾಗ, ನಡವಳಿಕೆ ಎಲ್ಲ ಒಂದೇ ಕಡೆ. ಕಾಡಿನಿಂದ ಎಲೆ, ಹುಳ ಹುಡುಕಿ ತಂದ ಫಾರೆಸ್ಟ್ ಗಾರ್ಡುಗಳ, ಆಳುಗಳ ಹೆಸರು ಮಾತ್ರ ಇಂಥ ಪುಸ್ತಕಗಳ ಮುಖಪುಟಕ್ಕೆ ಬರಲಿಲ್ಲ.

ಆ ಸಂಪುಟದ ದೊಡ್ಡ ಬೆಲೆ ಇರುವುದು ಎಲ್ಲಿ ಯಾವುದು ಎಂಬ ಲೆಕ್ಕದಲ್ಲಿ. ಕೆಲವು ಪತಂಗಗಳು ನಮ್ಮ ಬೆಳೆಯ ಬೆನ್ನು ಹತ್ತಿ ದೇಶವೆಲ್ಲ ಹರಡಿವೆ. ಎಳ್ಳಿನದು ಒಂದು, ಗೆಣಸು ಮತ್ತು ಹೆಸರಿನ ಎಲೆ ತಿನ್ನುವ ಅಗ್ರಿಯಸ್ ಕಾನ್ವಾಲ್ವ್ಯುಲಿ ಇನ್ನೊಂದು, ದ್ರಾಕ್ಷಿ ಬಳ್ಳಿಗೆ ಬರುವ ಹಿಪ್ಪೋಷನ್ ಸೆಲೇರಿಯೋ ಮತ್ತೊಂದು. ಕಣಗಿಲೆ ಗಿಡದ ಹಸಿರು ಡ್ಯಾಫ್ನಿಸ್ ನೀರಿಯೈ ಸಮುದ್ರ ದಾಟಿ ಯುರೋಪಿನವರೆಗೂ ವಲಸೆ ಹೋಗುತ್ತದೆ. ಇನ್ನು ಕೆಲವು ಕಾಡು ಬಿಟ್ಟು ಹೊರಬರುವುದೇ ಇಲ್ಲ. ಪಶ್ಚಿಮ ಘಟ್ಟದಲ್ಲಿ ಸಿಗುತ್ತವೆ, ಮತ್ತೆ ನೇರ ಅಸ್ಸಾಮಿನ ಕಡೆ ಸಿಗುತ್ತವೆ. ನಡುವಿನ ಒಣ ದಖ್ಖನ್ನಿನಲ್ಲಿ ಇಲ್ಲ. ಕಾರವಾರಕ್ಕೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ನಮ್ಮ ವಿಜಯಪುರಕ್ಕೆ ಆರುನೂರು. ಆ ನಕ್ಷೆಯಲ್ಲಿ ಕಾಣುವ ಖಾಲಿ ಜಾಗ ಎಂದರೆ ನಾವೇ.

ನನಗೆ ಬೆಲ್ ಮುಖ್ಯ ಎನಿಸುವುದು ಇಲ್ಲಿಯೇ. ಮುಳವಾಡದ ಹೆಸರು ಈಗ ಏತ ನೀರಾವರಿ ಯೋಜನೆಯಿಂದ ರಾಜ್ಯಕ್ಕೆಲ್ಲ ಗೊತ್ತು. ಆಲಮಟ್ಟಿ ಹಿನ್ನೀರಿನಿಂದ ಕೃಷ್ಣೆ ಮೇಲೇರಿ ಕಾಲುವೆಗೆ ಬರುತ್ತಿದ್ದಾಳೆ. ಬಿಳಿಜೋಳ, ತೊಗರಿ, ಕುಸುಬಿ ಬೆಳೆದ ಎರಿ ಹೊಲಗಳಿಗೆ ಕಬ್ಬು ಬರುತ್ತಿದೆ. ಹತ್ತಿರದ ಕೂಡಗಿಯಲ್ಲಿ 2,400 ಮೆಗಾವಾಟ್‌ನ ವಿದ್ಯುತ್ ಸ್ಥಾವರ ರಾತ್ರಿಯಿಡೀ ಬೆಳಗುತ್ತದೆ. ಪತಂಗಗಳಿಗೆ ಬೆಳಕು ಎಂದರೆ ಏನು ಎಂದು ಬೇರೆ ಹೇಳಬೇಕಿಲ್ಲ. ಬೆಳೆ, ನೀರು, ಬೆಳಕು ಮೂರೂ ಬದಲಾದರೆ ಹುಳವೂ ಬದಲಾಗುತ್ತದೆ. 2018ರಲ್ಲಿ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿಕೊಂಡು, ಎರಡು ವರ್ಷದೊಳಗೆ ಹೆಚ್ಚಿನ ರಾಜ್ಯಗಳಿಗೆ ಹರಡಿತು. ಅದೂ ಪತಂಗವೇ, ಅಮೆರಿಕ ಖಂಡದಿಂದ ಬಂದದ್ದು. ಅದು ಹೊಸದು ಎಂದು ಗುರುತಿಸಲು ಸಾಧ್ಯವಾದದ್ದು ಹಳೆಯದರ ಪಟ್ಟಿ ಇದ್ದುದರಿಂದ. ಕಾಳಿ ನದಿಗೆ ಅಣೆಕಟ್ಟುಗಳು ಬಂದ ಮೇಲೆ ಉತ್ತರ ಕನ್ನಡದಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ಹೋಲಿಸಬೇಕಾದರೆ ಬೆಲ್ ಬರೆದದ್ದು ಇದೆ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಹೊಲಗಳಿಗೆ ಇನ್ನೂ ಒಬ್ಬ ಬೆಲ್ ಬೇಕು. ಬಿಳಿ ಬಟ್ಟೆ, ಒಂದು ಬಲ್ಬ್, ಫೋನಿನ ಕ್ಯಾಮೆರಾ, ದಿನಾಂಕ ಮತ್ತು ಊರಿನ ಹೆಸರು ಬರೆಯಲು ಒಂದು ನೋಟ್‌ಬುಕ್ ಇದ್ದರೆ ಶುರು ಮಾಡಬಹುದು. ಜುಲೈ ಕೊನೆಗೆ ಬರುವ ಪತಂಗ ಸಪ್ತಾಹದಲ್ಲಿ ಬೇರೆ ಊರಿನ ಹುಡುಗ ಹುಡುಗಿಯರು ಇದನ್ನೇ ಮಾಡುತ್ತಾರೆ. ವಲಯ ಅರಣ್ಯಾಧಿಕಾರಿ ಪರೀಕ್ಷೆಗೆ ಓದುತ್ತಿರುವ ಗೆಳೆಯರು ಒಂದು ರಾತ್ರಿ ಪುಸ್ತಕ ಮುಚ್ಚಿ ಇದನ್ನು ಮಾಡಿ ನೋಡಬಹುದು, ಸಿಲೆಬಸ್‌ಗೆ ಹೊರಗಿನದೇನಲ್ಲ.

ಸಂಪುಟ ಹೊರಬಂದ ಮೇಲೂ ಬೆಲ್ ಕಾರವಾರ ಬಿಡಲಿಲ್ಲ. ಎರಡನೇ ಮಹಾಯುದ್ಧ ಬಂದು ಹೋಯಿತು, ಅವರು ನೌಕರಿ ಮಾಡಿದ ಸರ್ಕಾರವೇ ದೇಶ ಬಿಟ್ಟು ಹೋಯಿತು. 1948ರ ಜೂನ್ 24ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಕರಾವಳಿಗೆ ಮುಂಗಾರು ಇಳಿದು, ಮಣ್ಣೊಳಗಿನ ಕೋಶಗಳು ಒಡೆಯುವ ತಿಂಗಳು ಅದು. ಅವರು ಸಾಕಿದ ಪತಂಗಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿವೆ. ಒಂದೊಂದು ಸೂಜಿಯ ಕೆಳಗೂ ಪುಟ್ಟ ಚೀಟಿ, ಅದರ ಮೇಲೆ ನಮ್ಮ ನಾಡಿನ ಒಂದು ಊರಿನ ಹೆಸರು.