ಸಂಚಿಯ ಹೊನ್ನಮ್ಮ: ಊಳಿಗ, ಹಾಡು ಮತ್ತು ಹೆಣ್ತನದ ಪ್ರಶ್ನೆ

ಹದಿನೇಳನೆಯ ಶತಮಾನದ ಕೊನೆಯ ಮೂರು ದಶಕಗಳನ್ನು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲವೆಂದು ಗುರುತಿಸುವುದು ರೂಢಿ. ಶ್ರೀರಂಗಪಟ್ಟಣದ ಆ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ ಮೊದಲಾದ ಮಂತ್ರಿ-ವಿದ್ವಾಂಸರ ಹೆಸರುಗಳ ಜೊತೆಗೆ ಅರಮನೆಯ ಊಳಿಗದ ಹೆಣ್ಣೊಬ್ಬಳ ಹೆಸರೂ ಉಳಿದುಬಂದಿದೆ. ಹದಿಬದೆಯ ಧರ್ಮವನ್ನು ರಚಿಸಿದ ಸಂಚಿಯ ಹೊನ್ನಮ್ಮನೇ ಈಕೆ. ಆಕೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಎರಡು ತುದಿಗಳಲ್ಲಿ ನಿಲ್ಲುತ್ತವೆ. ಪತಿವ್ರತಾ ಧರ್ಮವನ್ನು ಬೋಧಿಸಿದ ಸಾಧ್ವಿ ಎಂಬುದು ಒಂದು ತುದಿ. ಹೆಣ್ಣನ್ನು ಹೀಗಳೆಯುವವರನ್ನು ಪ್ರಶ್ನಿಸಿದ ದಿಟ್ಟೆ ಎಂಬುದು ಇನ್ನೊಂದು. ಆಕೆಯ ಬದುಕಿನ ಸ್ಥಾನವನ್ನೂ ಆಕೆ ಆರಿಸಿಕೊಂಡ ಹಾಡಿನ ಮಟ್ಟನ್ನೂ ಒಟ್ಟಿಗೆ ನೋಡಿದಾಗ ಈ ಎರಡು ಚಿತ್ರಗಳೂ ಅಪೂರ್ಣವೆನಿಸುತ್ತವೆ.

ಹೊನ್ನಮ್ಮ ಯಳಂದೂರಿನವಳು. ಯಳಂದೂರಿಗೂ ಶ್ರೀರಂಗಪಟ್ಟಣದ ಅರಮನೆಗೂ ಆ ಕಾಲದಲ್ಲಿ ಗಾಢವಾದ ನಂಟಿತ್ತು. ಚಿಕ್ಕದೇವರಾಜನ ಪಟ್ಟದ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಮನೆತನದವಳು. ಆತನ ಮೊದಲ ಮಂತ್ರಿ ವಿಶಾಲಾಕ್ಷ ಪಂಡಿತನೂ ಯಳಂದೂರಿನವನೇ. ರಾಣಿಯ ಪರಿವಾರದೊಡನೆ ಹೊನ್ನಮ್ಮ ರಾಜಧಾನಿಗೆ ಬಂದಳೆಂಬುದು ಪ್ರತೀತಿ. ತವರಿನಿಂದ ಹೊರಟ ರಾಣಿಯೊಬ್ಬಳ ಹಿಂದೆ ತನ್ನ ಊರನ್ನು ಬಿಟ್ಟುಬಂದ ಊಳಿಗದ ಹೆಣ್ಣು ಎಂಬ ಈ ಚಿತ್ರ ಆಕೆಯ ಕಾವ್ಯವನ್ನು ಓದುವಾಗ ನೆನಪಿನಲ್ಲಿರಬೇಕಾದದ್ದು. ಹೆಣ್ಣುಮಗು, ತವರು, ಕೊಟ್ಟ ಮನೆ ಎಂಬ ಮೂರು ಸಂಗತಿಗಳು ಆ ಕಾವ್ಯದಲ್ಲಿ ಬರಿಯ ಶಾಸ್ತ್ರದ ವಿಷಯಗಳಾಗಿ ಉಳಿಯುವುದಿಲ್ಲ.

ಆಕೆ ಕಂಡ ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆಯ ಕೋಟೆ. 1610ರಲ್ಲಿ ರಾಜ ಒಡೆಯರು ಅದನ್ನು ವಶಪಡಿಸಿಕೊಂಡ ಮೇಲೆ ಮೈಸೂರು ಅರಸರ ರಾಜಧಾನಿಯಾಗಿತ್ತು. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ 1704ರವರೆಗೆ ಅಲ್ಲಿಂದ ಆಳಿದ. ರಂಗನಾಥನ ಗುಡಿ ಒಂದೆಡೆ, ಅರಮನೆ ಇನ್ನೊಂದೆಡೆ; ಎರಡರಲ್ಲೂ ಹಾಡು ಮತ್ತು ಕುಣಿತ ದಿನಚರಿಯ ಭಾಗ. 1648ರಲ್ಲಿ ರಚಿತವಾದ ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯವು ಆ ಪಟ್ಟಣದ ಮಹಾನವಮಿಯನ್ನೂ ಓಲಗದಲ್ಲಿ ನರ್ತಿಸಿದ ಪಾತ್ರದವರನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಹೆಣ್ಣಿನ ಮೈ, ಒಡವೆ, ಹಾವಭಾವಗಳು ಅಲ್ಲಿ ಅರಸನ ವೈಭವದ ಲೆಕ್ಕಕ್ಕೆ ಸೇರುತ್ತವೆ. ಹೊನ್ನಮ್ಮ ಈ ಓಲಗದ ನಡುವೆಯೇ ಬದುಕಿದವಳು. ಆದರೆ ಆಕೆ ಕುಣಿಯುವ ಪಾತ್ರದವಳಲ್ಲ, ಅಂತಃಪುರದ ರಾಣಿಯೂ ಅಲ್ಲ. ಇವೆರಡರ ನಡುವೆ ಓಡಾಡುವ ಕೈಯಾಳು.

ಎಲೆ, ಅಡಿಕೆ, ಸುಣ್ಣ, ಲವಂಗ, ಏಲಕ್ಕಿಗಳ ಚೀಲವೇ ಸಂಚಿ. ಅದನ್ನು ಹಿಡಿದು ಬೇಕಾದಾಗ ಮಡಿಸಿದ ವೀಳ್ಯವನ್ನು ಒದಗಿಸುವುದು ಆಕೆಯ ಕೆಲಸ. ಮೇಲುನೋಟಕ್ಕೆ ಇದು ಕಿರಿಯ ಊಳಿಗ. ಆದರೆ ಅರಮನೆಯ ವ್ಯವಹಾರದಲ್ಲಿ ತಾಂಬೂಲಕ್ಕೆ ಎರಡು ಮುಖಗಳಿದ್ದವು. ದಂಡಿಗೆ ಹೊರಡುವ ನಾಯಕನಿಗೆ, ಕಾರ್ಯವೊಂದನ್ನು ಹೊರುವ ಅಧಿಕಾರಿಗೆ ಅರಸ ವೀಳ್ಯ ಕೊಡುತ್ತಿದ್ದ; ಅದು ಆಜ್ಞೆಯ ಮತ್ತು ಮನ್ನಣೆಯ ಗುರುತು. ಶೃಂಗಾರ ಕಾವ್ಯಗಳಲ್ಲಾದರೋ ಅದೇ ತಾಂಬೂಲ ನಲ್ಲ-ನಲ್ಲೆಯರ ಸಲುಗೆಯ ಸಂಕೇತ. ಸಂಚಿ ಹಿಡಿದವಳು ಓಲಗದಲ್ಲೂ ಏಕಾಂತದಲ್ಲೂ ಹತ್ತಿರ ನಿಲ್ಲಬೇಕಾದವಳು; ಎಲ್ಲವನ್ನೂ ಕಂಡು ಏನನ್ನೂ ಆಡದಿರಬೇಕಾದವಳು. ಹೊನ್ನಮ್ಮನ ಬದುಕಿನ ಬಗೆಗೆ ಉಳಿದುಬಂದಿರುವ ವಿವರಗಳು ಊರು, ಊಳಿಗ, ಗುರು ಮತ್ತು ಕೃತಿ ಇಷ್ಟಕ್ಕೇ ಸಂಬಂಧಿಸಿವೆ. ಹೆಂಡತಿಯ ಧರ್ಮವನ್ನು ಬರೆದವಳನ್ನು ಪರಂಪರೆ ನೆನೆಯುವುದು ಒಬ್ಬರ ಹೆಂಡತಿಯೆಂದಲ್ಲ, ಹಿಡಿದ ಚೀಲದ ಹೆಸರಿನಿಂದ ಎಂಬುದು ಗಮನಾರ್ಹ.

ಊಳಿಗದ ನಡುವೆಯೇ ಆಕೆಗೆ ವಿದ್ಯೆ ದಕ್ಕಿತು. ಆಸ್ಥಾನದ ವಿದ್ವಾಂಸ ಅಳಸಿಂಗರಾರ್ಯರು ಆಕೆಯ ಗುರು. ಶಿಷ್ಯೆಯ ಕವಿತ್ವವನ್ನು ಮೆಚ್ಚಿ ಸರಸ ಸಾಹಿತ್ಯದ ವರದೇವತೆಯೆಂದು ಕೊಂಡಾಡಿದವರು, ಆಕೆಯ ಪ್ರತಿಭೆಯನ್ನು ಅರಸನ ಗಮನಕ್ಕೆ ತಂದವರು ಅವರೇ. ಇತಿಹಾಸ-ಪುರಾಣಗಳ ಮತ್ತು ಧರ್ಮಶಾಸ್ತ್ರದ ಅರಿವು ಆಕೆಗೆ ದೊರೆತದ್ದು ಈ ಗುರುವಿನ ಮೂಲಕ. ಶಾಸ್ತ್ರದ ಬಾಗಿಲು ಹೆಣ್ಣಿಗೆ, ಅದರಲ್ಲೂ ಊಳಿಗದ ಹೆಣ್ಣಿಗೆ, ಸುಲಭವಾಗಿ ತೆರೆಯುತ್ತಿರಲಿಲ್ಲ. ತೆರೆದಾಗಲೂ ಅದಕ್ಕೊಂದು ಬೆಲೆಯಿತ್ತು. ಕಲಿತದ್ದನ್ನು ಯಾವ ವಿಷಯಕ್ಕೆ ಬಳಸಬೇಕೆಂಬುದನ್ನು ತೀರ್ಮಾನಿಸಿದ್ದು ಅರಮನೆ. ಸ್ತ್ರೀಯರ ನಡೆಯನ್ನು ಕುರಿತು ಕೃತಿಯೊಂದನ್ನು ರಚಿಸಬೇಕೆಂಬ ಅಪ್ಪಣೆಯಾಯಿತು. ದಿನವೂ ಪರರಿಗೆ ವೀಳ್ಯ ಒದಗಿಸುತ್ತಿದ್ದವಳಿಗೆ ಈಗ ಕಾವ್ಯದ ವೀಳ್ಯ ದೊರೆತಂತಾಯಿತು. ಅದನ್ನು ಹಿಡಿಯದೆ ಬಿಡುವ ಸ್ವಾತಂತ್ರ್ಯ ಊಳಿಗದವಳಿಗಿರಲಿಲ್ಲ.

ಆಕೆ ಕೃತಿಗೆ ಆರಿಸಿಕೊಂಡ ಛಂದಸ್ಸು ಸಾಂಗತ್ಯ. ನಾಲ್ಕು ಸಾಲಿನ ಈ ಅಂಶಗಣದ ಮಟ್ಟು ಹಾಡುವುದಕ್ಕೆಂದೇ ಹುಟ್ಟಿದ್ದು. ಅಕ್ಷರ ಬಾರದವರ ಕಿವಿಗೂ ನಾಲಗೆಗೂ ಅದು ಒಗ್ಗುತ್ತದೆ. ಆ ಕಾಲದ ಜನಪ್ರಿಯ ಸಂಗೀತವೆಂದು ಯಾವುದನ್ನಾದರೂ ಕರೆಯಬಹುದಾದರೆ ಸಾಂಗತ್ಯಕ್ಕೆ ಅದರಲ್ಲಿ ಮುಖ್ಯ ಪಾಲು ಸಲ್ಲುತ್ತದೆ. ಈ ಮಟ್ಟಿಗೆ ಮೊದಲಿನಿಂದಲೂ ಕಾಮದ ಕಥೆಗಳೊಡನೆ ನಂಟಿತ್ತು. ಹದಿನೈದನೆಯ ಶತಮಾನದ ದೇಪರಾಜ ಸೊಬಗಿನ ಸೋನೆಯಲ್ಲಿ ಪ್ರಣಯದ ಕಥೆಗಳನ್ನು ಇದರಲ್ಲೇ ಹೆಣೆದ. ನಂಜುಂಡ ಕವಿಯ ರಾಮನಾಥ ಚರಿತೆಯಲ್ಲಿ ಮಲಮಗನಿಗೆ ಮನಸೋತು, ಆತ ಒಪ್ಪದಿದ್ದಾಗ ಅಪವಾದ ಹೊರಿಸುವ ರತ್ನಾಜಿಯ ಪ್ರಸಂಗ ಬಂದದ್ದೂ ಸಾಂಗತ್ಯದಲ್ಲೇ. ಹೊನ್ನಮ್ಮನ ಕಾಲದ ಆಸ್ಥಾನದಲ್ಲಿಯೂ ಶೃಂಗಾರದ ಹಾಡಿಗೆ ಕೊರತೆಯಿರಲಿಲ್ಲ. ಚಿಕ್ಕದೇವರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಗೀತಗೋಪಾಲವು ಜಯದೇವನ ಮಾದರಿಯಲ್ಲಿ ಕೃಷ್ಣನ ಲೀಲೆಯನ್ನು ಹಾಡಾಗಿಸಿದ ಕೃತಿ. ಪ್ರಭುತ್ವ ತನ್ನ ಹೆಸರಿಗೆ ಗೋಪಿಯರ ಒಲವಿನ ಹಾಡನ್ನು ಇಟ್ಟುಕೊಂಡಿತು. ಊಳಿಗದ ಹೆಣ್ಣಿಗೆ ಹದಿಬದೆಯ ಹಾಡನ್ನು ವಹಿಸಿತು. ಗಂಡು ಹೆಣ್ಣಿನ ದನಿಯಲ್ಲಿ ಬಯಕೆಯನ್ನು ಹಾಡಬಹುದು, ಹೆಣ್ಣು ತನ್ನ ದನಿಯಲ್ಲಿ ಸಂಯಮವನ್ನು ಹಾಡಬೇಕು ಎಂಬ ಈ ವಿಭಜನೆಯಲ್ಲಿ ಆ ಕಾಲದ ಲಿಂಗ ರಾಜಕಾರಣದ ಸ್ವರೂಪ ಕಾಣುತ್ತದೆ.

ಹದಿಬದೆ ಎಂಬುದು ಪತಿವ್ರತೆ ಎಂಬುದರ ತದ್ಭವ. ಒಂಬತ್ತು ಸಂಧಿಗಳ ಈ ಕೃತಿಯಲ್ಲಿ ಹೊನ್ನಮ್ಮ ಅಪ್ಪಣೆಯನ್ನು ನಿಷ್ಠೆಯಿಂದಲೇ ನೆರವೇರಿಸಿದಳು. ಗಂಡನನ್ನು ದೈವವೆಂದು ಕಾಣಬೇಕು, ಅತ್ತೆ ಮಾವಂದಿರ ಸೇವೆಯಲ್ಲಿ ಕೊರತೆ ಬರಬಾರದು, ಗಂಡ ಊರಲ್ಲಿಲ್ಲದಾಗ ಅಲಂಕಾರವನ್ನು ತೊರೆದಿರಬೇಕು ಎಂಬಂತಹ ವಿಧಿಗಳನ್ನು ಆಕೆ ತಿಳಿಗನ್ನಡದಲ್ಲಿ ಅಡಕಗೊಳಿಸಿದಳು. ಹೆಣ್ಣಿನ ನೋಟ, ಮಾತು, ಉಡುಗೆ, ನಗು ಎಲ್ಲವೂ ಈ ವಿಧಿಗಳ ವ್ಯಾಪ್ತಿಗೆ ಬರುತ್ತವೆ. ಹೆಣ್ಣಿನ ಲೈಂಗಿಕತೆಯನ್ನು ಮನೆಯ ಹೊಸ್ತಿಲೊಳಗೆ ಕಟ್ಟಿಡುವ ಈ ಯಜಮಾನಿಕೆಯ ಮೌಲ್ಯಗಳನ್ನು ಆಕೆ ಪ್ರಶ್ನಿಸಲಿಲ್ಲ. ಇದನ್ನು ಮರೆಮಾಡಿ ಆಕೆಯನ್ನು ಬಂಡಾಯಗಾರ್ತಿಯೆಂದು ಕರೆಯುವುದು ಪಠ್ಯಕ್ಕೆ ಮಾಡುವ ಅನ್ಯಾಯ.

ಆದರೆ ಹೆಂಡತಿಯರಿಗೆಂದು ತೊಡಗಿದ ಬೋಧೆ ನಡುನಡುವೆ ತನ್ನ ಕೇಳುಗರನ್ನೇ ಬದಲಿಸುತ್ತದೆ. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರ ಕಡೆಗೆ ಹೊನ್ನಮ್ಮ ತಿರುಗುತ್ತಾಳೆ. ಹೆತ್ತವಳೂ ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹಳಿಯುವವರನ್ನು ಕಣ್ಣಿಲ್ಲದ ಮೂಢರೆಂದು ಎಣಿಸುತ್ತಾಳೆ. ಗಂಡಾದುದರಿಂದ ತಾನಾಗಿ ಬರುವ ಗುಣವಾಗಲಿ, ಹೆಣ್ಣಾದುದರಿಂದ ತಾನಾಗಿ ಬರುವ ಕುಂದಾಗಲಿ ಇಲ್ಲ. ಇಬ್ಬರಲ್ಲಿ ಯಾರು ಏಳಿಗೆ ಹೊಂದಿದರೂ ಹೆತ್ತವರಿಗೆ ಇಹಪರಗಳ ಸುಖ ದೊರೆಯುತ್ತದೆ ಎಂಬ ನಿಲುವು ಆಕೆಯದು. ಪುತ್ರನಿಂದಲೇ ಸದ್ಗತಿಯೆಂಬ ನಂಬಿಕೆಯ ಸಮಾಜದಲ್ಲಿ ಪರಲೋಕದ ಹಕ್ಕನ್ನು ಮಗಳಿಗೂ ಹಂಚಿದ ಮಾತಿದು. ಅರಮನೆ ಹೆಂಡತಿಯ ಕರ್ತವ್ಯಗಳನ್ನು ಕೇಳಿತ್ತು. ಹೊನ್ನಮ್ಮ ಅದರೊಳಗೆ ಹೆತ್ತವರ ಕರ್ತವ್ಯವನ್ನೂ ಗಂಡಸರ ಕುರುಡನ್ನೂ ಸೇರಿಸಿದಳು. ಶಾಸ್ತ್ರದ ಚೌಕಟ್ಟನ್ನು ಒಡೆಯದೆ, ಅದರೊಳಗೆ ಹೊಣೆಯ ದಿಕ್ಕನ್ನು ಹೊರಳಿಸಿದ ಕ್ರಮವಿದು. ಎದುರಾಡಲಾಗದ ಊಳಿಗದವಳು ಒಪ್ಪಿಸಿದ ಕೆಲಸವನ್ನು ಮಾಡುತ್ತಲೇ ತನ್ನ ಮಾತನ್ನು ಅದರಲ್ಲಿ ಸೇರಿಸಿಬಿಡುವ ಜಾಣ್ಮೆ ಇಲ್ಲಿದೆ.

ಹೊನ್ನಮ್ಮನೊಡನೆ ಆಸ್ಥಾನದ ವಲಯದಲ್ಲಿ ಹೆಣ್ಣಿನ ದನಿ ಮುಗಿಯಲಿಲ್ಲ. ಅದೇ ಕಾಲದ ಶೃಂಗಾರಮ್ಮ ಪದ್ಮಿನಿ ಕಲ್ಯಾಣವನ್ನು ರಚಿಸಿದಳು. ಮುಂದೆ 1714ರಿಂದ 1732ರವರೆಗೆ ಆಳಿದ ದೊಡ್ಡ ಕೃಷ್ಣರಾಜನ ರಾಣಿ ಚೆಲುವಾಂಬೆ ವರನಂದಿ ಕಲ್ಯಾಣವನ್ನು ಸಾಂಗತ್ಯದಲ್ಲೇ ಬರೆದಳು. ಈಗಿನ ಪಾಂಡವಪುರ ತಾಲ್ಲೂಕಿಗೆ ಸೇರಿರುವ ಮೇಲುಕೋಟೆಯ ಚೆಲುವನಾರಾಯಣನನ್ನು ಒಲಿದು, ಆತನನ್ನೇ ಅರಸಿ ಬಂದ ದೆಹಲಿಯ ಸುಲ್ತಾನನ ಮಗಳ ಕಥೆ ಅದು. ಅಲ್ಲಿ ಹೆಣ್ಣಿನ ಬಯಕೆಯೇ ಕಥೆಯನ್ನು ನಡೆಸುತ್ತದೆ. ಮತದ ಗಡಿಯೂ ಅದಕ್ಕೆ ಅಡ್ಡಿಯಾಗುವುದಿಲ್ಲ. ನಲ್ಲ ದೇವರಾದುದರಿಂದ ಆ ಬಯಕೆ ಭಕ್ತಿಯ ಮರೆಯನ್ನು ಪಡೆಯಿತು. ರಾಣಿಗೆ ದೊರೆತ ಈ ಅವಕಾಶ ಸಂಚಿಯವಳಿಗೆ ದೊರೆತಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಪಟ್ಟಣ, ಒಂದೇ ಛಂದಸ್ಸು, ಇಬ್ಬರೂ ಹೆಂಗಸರು. ಆದರೂ ಯಾರು ಯಾವುದನ್ನು ಹಾಡಬಹುದು ಎಂಬುದನ್ನು ಲಿಂಗದ ಜೊತೆಗೆ ಅಂತಸ್ತೂ ನಿರ್ಧರಿಸಿತು.

1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು. ಹೊನ್ನಮ್ಮ ಕಂಡ ಓಲಗದ ಪಟ್ಟಣ ಇಲ್ಲವಾದರೂ ಆಕೆಯ ಕೃತಿ ಉಳಿಯಿತು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂಲಕ ಆಕೆ ಆಧುನಿಕ ಸಾಹಿತ್ಯ ಚರಿತ್ರೆಯನ್ನು ಪ್ರವೇಶಿಸಿದಳು. ಇತ್ತ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ರಾಗಿ ಬೀಸುತ್ತ, ಸೋಬಾನೆ ಹೇಳುತ್ತ ಹೆಂಗಸರು ತವರಿನ ಹಂಬಲವನ್ನೂ ಕೊಟ್ಟ ಮನೆಯ ಕಷ್ಟವನ್ನೂ ಹಾಡುತ್ತಲೇ ಬಂದರು. 1931ರಲ್ಲಿ ಹಲಸಂಗಿಯ ಗೆಳೆಯರು ಉತ್ತರ ಕರ್ನಾಟಕದ ಇಂತಹ ಹಾಡುಗಳನ್ನು ಪ್ರಕಟಿಸಿದಾಗ ಅದಕ್ಕೆ ದೊರೆತ ಹೆಸರು ಗರತಿಯ ಹಾಡು. ಹದಿಬದೆ ಮತ್ತು ಗರತಿ ಎಂಬ ಎರಡು ಶಬ್ದಗಳ ನಡುವೆ ಎರಡು ಶತಮಾನಗಳಿಗೂ ಮೀರಿದ ಅಂತರವಿದ್ದರೂ, ಹೆಣ್ಣಿನ ಹಾಡಿಗೆ ಮಾನ್ಯತೆ ದೊರೆಯಬೇಕಾದರೆ ಹಾಡುವವಳ ಶೀಲಕ್ಕೆ ಮೊದಲು ಮುದ್ರೆ ಬೀಳಬೇಕೆಂಬ ನಿರೀಕ್ಷೆ ಹಾಗೆಯೇ ಉಳಿದಿತ್ತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರವೂ ಪತಿವ್ರತೆಯೊಬ್ಬಳ ಹೆಸರನ್ನೇ ಹೊತ್ತ ಸತಿ ಸುಲೋಚನ. ಜನಪ್ರಿಯ ಮಾಧ್ಯಮ ಬದಲಾದಾಗಲೆಲ್ಲ ಹದಿಬದೆ ಮೊದಲು ಬಂದು ನಿಂತಿದ್ದಾಳೆ.

ಶಾಲಾ ಪಠ್ಯಗಳಲ್ಲಿ ಹೊನ್ನಮ್ಮ ಉಳಿದಿರುವುದು ಹೆಣ್ಣಿನ ಪರವಾಗಿ ಆಕೆ ಆಡಿದ ಬೆರಳೆಣಿಕೆಯ ಪದ್ಯಗಳಿಂದ. ಅಪ್ಪಣೆಯಂತೆ ರಚಿಸಿದ ವಿಧಿಗಳ ಬಹುಭಾಗ ವಿದ್ವಾಂಸರ ಅಧ್ಯಯನಕ್ಕೆ ಸೀಮಿತವಾಗಿದ್ದು, ಅಪ್ಪಣೆಯನ್ನು ಮೀರಿ ಬಂದ ಮಾತು ಜನರ ನಾಲಗೆಯಲ್ಲಿ ನಿಂತಿದೆ. ಈ ಆಯ್ಕೆಯನ್ನು ಮಾಡಿದ್ದು ಕಾಲ. ಆದರೆ ಆ ಕೆಲವು ಪದ್ಯಗಳನ್ನಷ್ಟೇ ಓದಿದರೆ ಅವುಗಳನ್ನು ಹಾಡಲು ಆಕೆ ತೆತ್ತ ಬೆಲೆ ಕಾಣದೆ ಹೋಗುತ್ತದೆ. ವಿಧಿಗಳನ್ನಷ್ಟೇ ಓದಿದರೆ ಆ ಬೆಲೆಗೆ ಆಕೆ ಪಡೆದುಕೊಂಡದ್ದು ಕಾಣುವುದಿಲ್ಲ. ಹದಿಬದೆಯ ಧರ್ಮದ ಒಂಬತ್ತು ಸಂಧಿಗಳನ್ನೂ ಒಂದು ಊಳಿಗದ ಬದುಕಿನ ದಾಖಲೆಯಾಗಿ ಇಡಿಯಾಗಿ ಓದುವುದರಿಂದ ಮಾತ್ರ ಸಂಚಿಯ ಹೊನ್ನಮ್ಮನಿಗೆ ನ್ಯಾಯ ಸಲ್ಲುತ್ತದೆ.