ರಿಚರ್ಡ್ ಬೆಲ್ಮನ್

ರಿಚರ್ಡ್ ಅರ್ನೆಸ್ಟ್ ಬೆಲ್ಮನ್ (ಆಗಸ್ಟ್ 26, 1920 – ಮಾರ್ಚ್ 19, 1984) ಅಮೆರಿಕದ ಗಣಿತಜ್ಞರು. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಗಣಿತ ವಿಧಾನವನ್ನು ರೂಪಿಸಿದವರು. ಸಣ್ಣ ಕಂಪ್ಯೂಟರ್ ಜಾಲಗಳಲ್ಲಿ ರೂಟರ್‌ಗಳು ಮಾರ್ಗದ ಮಾಹಿತಿಯನ್ನು ಹಂಚಿಕೊಳ್ಳಲು ಬಳಸುವ ರೂಟಿಂಗ್ ಇನ್ಫರ್ಮೇಷನ್ ಪ್ರೋಟೋಕಾಲ್ (ಆರ್‌ಐಪಿ), ಇವರ ಹೆಸರನ್ನು ಹೊತ್ತ ಬೆಲ್ಮನ್–ಫೋರ್ಡ್ ಅಲ್ಗಾರಿದಮ್ ಅನ್ನು ಆಧರಿಸಿದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ಬೆಲ್ಮನ್ ನ್ಯೂಯಾರ್ಕ್ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬ್ರೂಕ್ಲಿನ್‌ನಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದರು. 1941ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಗಣಿತದಲ್ಲಿ ಪದವಿ, 1943ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಾಮೋಸ್‌ನ ಸೈದ್ಧಾಂತಿಕ ಭೌತವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದರು. 1946ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಾಲೊಮನ್ ಲೆಫ್‌ಶೆಟ್ಜ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

ವೃತ್ತಿಜೀವನ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ನಂತರ ಬೆಲ್ಮನ್ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯನ್ನು ಸೇರಿದರು. ಒಂದರ ನಂತರ ಒಂದರಂತೆ ಹಲವು ನಿರ್ಧಾರಗಳನ್ನು ಕೈಗೊಳ್ಳಬೇಕಾದ ಸಮಸ್ಯೆಗಳನ್ನು ಅವರು ಅಲ್ಲಿ ಅಧ್ಯಯನ ಮಾಡಿದರು. ಮೊದಲ ಹೆಜ್ಜೆ ಯಾವುದೇ ಇರಲಿ, ಅಲ್ಲಿಂದ ಮುಂದಿನ ಹೆಜ್ಜೆಗಳೆಲ್ಲವೂ ಉಳಿದ ಸಮಸ್ಯೆಗೆ ಅತ್ಯುತ್ತಮವಾಗಿರಬೇಕು ಎಂಬುದು ಅವರು ಕಂಡ ತತ್ತ್ವ. ಇದರಿಂದ ದೊಡ್ಡ ಸಮಸ್ಯೆಯನ್ನು ಸಣ್ಣ ಸಮಸ್ಯೆಗಳ ಉತ್ತರಗಳಿಂದ ಕಟ್ಟಲು ಸಾಧ್ಯವಾಯಿತು. ಈ ವಿಷಯದ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು. 1965ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ, ವಿದ್ಯುತ್ ಎಂಜಿನಿಯರಿಂಗ್ ಮತ್ತು ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು.

ಮಾರ್ಗ ಸಮಸ್ಯೆ ಮತ್ತು ರೂಟರ್‌ಗಳು

ಹಲವು ಊರುಗಳ ನಡುವೆ ಅತಿ ಕಡಿಮೆ ಸಮಯದ ದಾರಿಯನ್ನು ಕಂಡುಹಿಡಿಯುವ ವಿಧಾನವನ್ನು ಬೆಲ್ಮನ್ 1958ರ ಲೇಖನವೊಂದರಲ್ಲಿ ವಿವರಿಸಿದರು. ಲೆಸ್ಟರ್ ಫೋರ್ಡ್ 1956ರಲ್ಲಿ ಇದೇ ಬಗೆಯ ವಿಧಾನವನ್ನು ನೀಡಿದ್ದರಿಂದ ಇಬ್ಬರ ಹೆಸರೂ ಅದಕ್ಕೆ ಸೇರಿದೆ.

ಈ ವಿಧಾನದಲ್ಲಿ ಯಾರಿಗೂ ಇಡೀ ಜಾಲದ ನಕ್ಷೆ ಬೇಕಾಗುವುದಿಲ್ಲ. ಪ್ರತಿ ರೂಟರ್ ತನಗೆ ತಿಳಿದಿರುವ ಜಾಲಗಳ ದೂರವನ್ನು ನೆರೆಯ ರೂಟರ್‌ಗಳಿಗೆ ತಿಳಿಸುತ್ತದೆ. ಮಾಹಿತಿ ಪಡೆದ ರೂಟರ್ ಆ ದೂರಕ್ಕೆ ಒಂದನ್ನು ಕೂಡಿಸಿ, ಅದು ತನ್ನ ಹಳೆಯ ದಾರಿಗಿಂತ ಹತ್ತಿರವಾಗಿದ್ದರೆ ಹೊಸ ದಾರಿಯನ್ನು ಸ್ವೀಕರಿಸುತ್ತದೆ. ಆರ್‌ಐಪಿಯಲ್ಲಿ ಈ ವಿನಿಮಯ ಪ್ರತಿ 30 ಸೆಕೆಂಡಿಗೊಮ್ಮೆ ನಡೆಯುತ್ತದೆ. 180 ಸೆಕೆಂಡುಗಳವರೆಗೆ ಸುದ್ದಿ ಬಾರದ ದಾರಿಯನ್ನು ಕಡಿದುಹೋದುದೆಂದು ಪರಿಗಣಿಸಲಾಗುತ್ತದೆ.

ಇಡೀ ನಕ್ಷೆ ಕಾಣದಿರುವುದೇ ಇದರ ದೌರ್ಬಲ್ಯವೂ ಹೌದು. ಒಂದು ಜಾಲ ಕಡಿದುಹೋದಾಗ ಎರಡು ರೂಟರ್‌ಗಳು ಪರಸ್ಪರರ ಹಳೆಯ ಮಾಹಿತಿಯನ್ನೇ ನಂಬಿ ದೂರವನ್ನು ಏರಿಸುತ್ತಾ ಹೋಗಬಹುದು. ಇದಕ್ಕೆ ಕೊನೆ ಹಾಕಲು ಆರ್‌ಐಪಿ 16ನ್ನು ಅನಂತವೆಂದು ಎಣಿಸುತ್ತದೆ. ಹೀಗಾಗಿ 15 ಹಂತಗಳಿಗಿಂತ ದೂರದ ಜಾಲಗಳನ್ನು ಅದು ತಲುಪಲಾರದು. ಸಣ್ಣ ಜಾಲಗಳಿಗೆ ಮಾತ್ರ ತಕ್ಕದ್ದಾಗಿದೆ.

1969ರಲ್ಲಿ ಆರಂಭವಾದ ಆರ್ಪಾನೆಟ್ ಮೊದಲಿಗೆ ಇದೇ ಬಗೆಯ ಲೆಕ್ಕವನ್ನು ಬಳಸಿತ್ತು. ಆರ್‌ಐಪಿಯ ವಿವರಣೆ ಆರ್‌ಎಫ್‌ಸಿ 1058 ಎಂಬ ದಾಖಲೆಯಾಗಿ ಹೊರಬಂದದ್ದು 1988ರಲ್ಲಿ, ಬೆಲ್ಮನ್ ನಿಧನರಾದ ನಾಲ್ಕು ವರ್ಷಗಳ ನಂತರ. ಅದರ ಎರಡನೆಯ ಆವೃತ್ತಿಯೂ ಐಪಿವಿ6ಕ್ಕಾಗಿ ರೂಪಿಸಿದ ಆರ್‌ಐಪಿಎನ್‌ಜಿಯೂ ಇದೇ ಲೆಕ್ಕವನ್ನು ಉಳಿಸಿಕೊಂಡಿವೆ.

ಅನಾರೋಗ್ಯ ಮತ್ತು ಕೊನೆಯ ವರ್ಷಗಳು

1973ರಲ್ಲಿ ಬೆಲ್ಮನ್ ಅವರ ಮೆದುಳಿನಲ್ಲಿ ಗೆಡ್ಡೆ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದರೂ ನಂತರದ ತೊಡಕುಗಳಿಂದ ಅವರು ತೀವ್ರ ಅಂಗವೈಕಲ್ಯಕ್ಕೆ ಒಳಗಾದರು. ಆದರೂ ಉಳಿದ ಹನ್ನೊಂದು ವರ್ಷಗಳಲ್ಲಿ 100ಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಅವರ ಆತ್ಮಕಥೆ ಅದೇ ವರ್ಷ ಪ್ರಕಟವಾಯಿತು.

ಗೌರವಗಳು

1970ರಲ್ಲಿ ನಾರ್ಬರ್ಟ್ ವೀನರ್ ಪ್ರಶಸ್ತಿ, 1976ರಲ್ಲಿ ಜಾನ್ ವಾನ್ ನ್ಯೂಮನ್ ಸಿದ್ಧಾಂತ ಪ್ರಶಸ್ತಿ ಹಾಗೂ 1979ರಲ್ಲಿ ಐಇಇಇ ಗೌರವ ಪದಕ ಅವರಿಗೆ ಸಂದವು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು.